ಡ್ರಮ್ಮಿನ ಮೇಲಿನ ಮೂರನೇ ಪಾಲು

ನನ್ನ ತಂಗಿಯ ಮದುವೆಯಲ್ಲಿ ಕೊನೆಯ ಪಂಕ್ತಿಗೆ ಮಜ್ಜಿಗೆ ಸಾಲಲಿಲ್ಲ. ಆಮೇಲೆ ನಡೆದದ್ದೆಲ್ಲ ಅಲ್ಲಿಂದಲೇ ಹೊರಟದ್ದರಿಂದ ಅದನ್ನು ಮೊದಲು ಹೇಳಬೇಕು. ಮದ್ದೂರಿನ ಛತ್ರ, ಬಿರುಬೇಸಿಗೆ, ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಜನ. ಗಂಡಿನ ತಾಯಿ ಮಳವಳ್ಳಿ ಕಡೆಯವರು. ಬಂದವರನ್ನೆಲ್ಲ ಮಾತಾಡಿಸಿ ಮುಗಿಸಿ, ಕೊನೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತಿದ್ದರು. ಮಜ್ಜಿಗೆಯ ಬಕೆಟ್ಟು ಅವರಿಗಿಂತ ಎರಡು ಎಲೆ ಹಿಂದೆ ನಿಂತುಹೋಯಿತು. ಬಡಿಸುತ್ತಿದ್ದವನು ಸೌಟಿನಿಂದ ತಳ ಕೆರೆದ ಸದ್ದು ನಾನು ನಿಂತಿದ್ದಲ್ಲಿಗೂ ಕೇಳಿಸಿತು. ಬೀಗಿತ್ತಿ ತಲೆಯೆತ್ತಿ ನಮ್ಮ ಅವ್ವನನ್ನು ನೋಡಿದರು.

"ಬುಡಿ ಬೀಗ್ತಿ, ನೀರಾದ್ರೂ ಐತಲ್ಲ. ನಿಮ್ ಕಡೆ ನಾಲೆ ನೀರಿಗೇನ್ ಬರವಾ" ಎಂದರು.

ಕೂತವರು ನಕ್ಕರು. ಅವ್ವನೂ ನಕ್ಕಳು. ನಗುತ್ತಲೇ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದುದನ್ನು ನಾನು ನೋಡಿದೆ. ಅಪ್ಪ ಇಲ್ಲದ ಮನೆಯಲ್ಲಿ, ಚಿಕ್ಕಪ್ಪನ ಒತ್ತಾಸೆ ಇಟ್ಟುಕೊಂಡು, ಅವಳೇ ನಿಂತು ಮಾಡಿದ ಮದುವೆ ಅದು. ಎರಡು ದಿನದ ಅಡುಗೆಯಲ್ಲಿ ಅವರಿಗೆ ನೆನಪು ಉಳಿಯುವುದು ಆ ಖಾಲಿ ಬಕೆಟ್ಟು ಮಾತ್ರ ಎಂದು ಅವಳಿಗೆ ಗೊತ್ತಿತ್ತು.

ಬೀಗರೂಟ ಮುಂದಿನ ಭಾನುವಾರ, ದುದ್ದ ಹೋಬಳಿಯ ನಮ್ಮ ಊರಿನಲ್ಲಿ, ನಮ್ಮ ಮನೆಯಲ್ಲೇ. ಹೊರಗಿನವರಿಗಾಗಿ ಒಂದು ಮಾತು: ನಮ್ಮಲ್ಲಿ ಮದುವೆಯ ಊಟ ಸಿಹಿಯೂಟ, ಅದು ಊರಿಗೆಲ್ಲ. ಬೀಗರೂಟ ಬಾಡೂಟ, ಅದು ಬೀಗರಿಗೆ. ಮದುವೆಯಲ್ಲಿ ಹೋದ ಮಾನವನ್ನು ವಾಪಸ್ಸು ತರಲು ಹೆಣ್ಣಿನ ಮನೆಗೆ ಇರುವ ಅವಕಾಶ ಅದೊಂದೇ. ಅಂದು ಏನು ಕಡಿಮೆಯಾದರೂ ಆ ಮಾತು ನನ್ನ ತಂಗಿಯ ಹಿಂದೆ ಅವಳ ಅತ್ತೆಮನೆಯ ಅಡುಗೆಮನೆಗೆ ಹೋಗುತ್ತದೆ, ಅಲ್ಲೇ ವರ್ಷಗಟ್ಟಲೆ ಇರುತ್ತದೆ.

ಇದರೊಳಗೆ ನನ್ನ ಬಿಯರು ಹೇಗೆ ಬಂತು ಎಂದರೆ, ಅವ್ವನೇ ಕೇಳಿದಳು. ನಾನು ಗೆಜ್ಜಲಗೆರೆಯ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಅಳೆಯುವುದು, ಬರೆದಿಡುವುದು, ಮತ್ತೆ ಅಳೆಯುವುದು ನನ್ನ ಕಸುಬು. ಎರಡು ವರ್ಷದಿಂದ ಮದ್ದೂರಿನ ನನ್ನ ಮನೆಯಲ್ಲಿ ಐದು ಲೀಟರಿನ ಕ್ಯಾನಿನಲ್ಲಿ ರಾಗಿ, ಬೆಲ್ಲ, ಶುಂಠಿ ಹಾಕಿ ಒಂದು ಬಿಯರು ಮಾಡಿಕೊಳ್ಳುತ್ತಿದ್ದೆ. ಮೊಳಕೆ ಕಟ್ಟಿ ಒಣಗಿಸಿ ಹುರಿದ ರಾಗಿಯನ್ನು ಬೀಸಿ, ತೆಳ್ಳಗೆ ಗಂಜಿ ಕಾಯಿಸಿ ಸೋಸಿ, ಬೆಲ್ಲ ಕರಗಿಸಿ, ಜಜ್ಜಿದ ಶುಂಠಿ ಹಾಕಿ, ಆರಿದ ಮೇಲೆ ಬೇಕರಿಯವರು ಬಳಸುವ ಈಸ್ಟು ಬೆರೆಸಿಡುವುದು. ವಾರದೊಳಗೆ ಕುಡಿದು ಮುಗಿಸಬೇಕು. ಅಮಲು ಹೆಸರಿಗೆ ಮಾತ್ರ. ಗಂಟಲಲ್ಲಿ ಶುಂಠಿ ಚುರುಗುಟ್ಟುತ್ತದೆ, ಮೂಗಿಗೆ ಗ್ಯಾಸು ಏರುತ್ತದೆ, ಬಾಡೂಟ ಸಲೀಸಾಗಿ ಇಳಿಯುತ್ತದೆ. ರಾಗಿ ಮೊಳಕೆ ಕಟ್ಟುವುದು ಅವ್ವನಿಗೆ ನನಗಿಂತ ಚೆನ್ನಾಗಿ ಗೊತ್ತು. ಮದುವೆಗೆ ಬರುವ ನೆಂಟರ ಮಕ್ಕಳಿಗೆಂದು ಮೊಳಕೆ ಹಿಟ್ಟನ್ನು ಮೊದಲೇ ಬೀಸಿಟ್ಟಿದ್ದಳು. ನಮ್ಮಿಬ್ಬರನ್ನೂ ರಾಗಿ ಸರಿ ತಿನ್ನಿಸಿಯೇ ಬೆಳೆಸಿದ್ದು.

"ಮಜ್ಗೆ ಬ್ಯಾಡ ಕಣಮ್ಮಿ ಈ ಸಲ. ನೀನು ಮಾಡ್ತೀಯಲ್ಲ ಆ ಶುಂಠಿ ನೀರು, ಅದನ್ನ ಮಾಡು. ಮಳವಳ್ಳಿಯೋರು ಕಂಡೇ ಇರ್ಬಾರ್ದು ಅಂತಾದ್ದು" ಎಂದಳು.

ಚಿಕ್ಕಪ್ಪ ಪಕ್ಕದಲ್ಲೇ ಇದ್ದರು. "ಅದ್ಕೆ ಬಿಯರು ಅಂತಾರೆ ಕಣತ್ಗೆ. ಬೀಗರಿಗೆ ಬಿಯರು ಅಂತ್ಲೇ ಏಳು, ಸಂತೋಸ ಪಡ್ಲಿ."

"ಏರ್ತದಾ ಅದು?"

"ಏರಾಕಿಲ್ಲ. ಅದೇ ಅದ್ರಲ್ಲಿ ತಾಪತ್ರಯ."

ಇನ್ನೂರು ಜನಕ್ಕೆ ಒಂದೊಂದು ಲೋಟವೆಂದು ಲೆಕ್ಕ ಹಾಕಿದೆ. ಮೂವತ್ತಮೂರು ಲೀಟರು. ನೀರು ತುಂಬಿಡುವ ಐವತ್ತು ಲೀಟರಿನ ನೀಲಿ ಡ್ರಮ್ಮು ಅವ್ವನ ಮನೆಯಲ್ಲಿತ್ತು. ಹದಿನೇಳು ಲೀಟರು ಮೇಲೆ ಖಾಲಿ ಬಿಡಬೇಕು. ಈಸ್ಟು ಬೆಲ್ಲವನ್ನು ತಿನ್ನುವಾಗ ನೊರೆ ಏಳುತ್ತದೆ, ರಾಗಿ ಇದ್ದರೆ ಆ ನೊರೆ ಬೇಗ ಒಡೆಯುವುದಿಲ್ಲ, ಅದಕ್ಕೆ ಏಳಲು ಜಾಗ ಬೇಕು. ಇಷ್ಟು ನನಗೆ ಗೊತ್ತಿತ್ತು. ಅವ್ವನಿಗೆ ನಾನು ಇದನ್ನು ಹೇಳಲಿಲ್ಲ. ಹೇಳಬೇಕು ಎಂದು ತೋಚಲೇ ಇಲ್ಲ. ನನ್ನ ಮೊದಲ ತಪ್ಪು ಅದು.

ಮದುವೆಯ ಮಾರನೆಯ ದಿನ, ಸೋಮವಾರ ಸಂಜೆ, ಊರಿನ ಮನೆಯ ನಡುಮನೆಯಲ್ಲಿ ಡ್ರಮ್ಮು ಇಟ್ಟೆವು. ಆ ವಾರವೆಲ್ಲ ನಾನು ಅಲ್ಲಿಂದಲೇ ಕೆಲಸಕ್ಕೆ ಓಡಾಡಿದೆ. ಮುಚ್ಚಳಕ್ಕೆ ತೂತು ಕೊರೆದು ಔಷಧಿ ಅಂಗಡಿಯಿಂದ ತಂದ ಗ್ಲೂಕೋಸು ಪೈಪನ್ನು ಇಳಿಬಿಟ್ಟು, ಅದರ ಇನ್ನೊಂದು ತುದಿಯನ್ನು ನೀರಿನ ಬಾಟಲಿಯಲ್ಲಿ ಮುಳುಗಿಸಿದೆ. ಒಳಗಿನ ಗ್ಯಾಸು ಗುಳ್ಳೆಯಾಗಿ ಹೊರಹೋಗಬೇಕು, ಹೊರಗಿನ ಗಾಳಿ ಒಳಗೆ ಬರಬಾರದು. ಐದು ಲೀಟರಿನ ಕ್ಯಾನಿಗೆ ಅದೇ ಪೈಪು ಸಾಕಾಗುತ್ತಿತ್ತು. ಇದು ಎರಡನೆಯ ತಪ್ಪು.

ಮಂಗಳವಾರ ಬೆಳಗಿನ ಪಾಳಿಗೆ ನಾನು ಕತ್ತಲಿರುವಾಗಲೇ ಬಸ್ಸಿಗೆ ಹೊರಟೆ. ಗುಳ್ಳೆಗಳು ನಿಧಾನವಾಗಿ ಬರುತ್ತಿದ್ದವು. ನಾನು ಹೋದ ಮೇಲೆ ಅವ್ವ ಕಸ ಗುಡಿಸುತ್ತ ಡ್ರಮ್ಮಿನ ಹತ್ತಿರ ಬಂದಿದ್ದಾಳೆ, ಮುಚ್ಚಳ ತೆಗೆದು ನೋಡಿದ್ದಾಳೆ. ಮೂರನೇ ಒಂದು ಪಾಲು ಖಾಲಿ.

ಅವ್ವ ರಾಗಿ ಅಳೆಯುವುದನ್ನು ನೋಡಿದವರಿಗೆ ಅವಳಿಗೆ ಏನನಿಸಿತು ಎಂದು ಗೊತ್ತಾಗುತ್ತದೆ. ಸೇರು ಕಂಠಮಟ್ಟ ತುಂಬಿದರೆ ಸಾಲದು, ಮೇಲೆ ಗೋಪುರ ನಿಲ್ಲಬೇಕು. ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾಳೆ. ಲಾಭ, ಎರಡು, ಮೂರು. ಶುಭಕಾರ್ಯದ ಮನೆಯಲ್ಲಿ ಅರೆ ತುಂಬಿದ ಕೊಡ ಇಡುವುದಿಲ್ಲ. ಸೊಸೆ ನೀರು ತಂದರೆ ಕೊಡ ತುಳುಕಬೇಕು. ಅದೂ ಮಜ್ಜಿಗೆ ಸಾಲದೆ ಹೋದ ಮೂರನೇ ದಿನ. ಮಗಳು ಲೆಕ್ಕ ತಪ್ಪಿದ್ದಾಳೆ ಎಂದುಕೊಂಡಳು. ಒಲೆ ಹಚ್ಚಿ ಬೆಲ್ಲದ ನೀರು ಕಾಯಿಸಿ, ಉಗುರುಬೆಚ್ಚಗಾದ ಮೇಲೆ ಡ್ರಮ್ಮಿಗೆ ಕಂಠದವರೆಗೆ ಹುಯ್ದು, ಅರಿಸಿನ ಕುಂಕುಮ ಇಟ್ಟು, ಮುಚ್ಚಳವನ್ನು ಅಂಗೈಯಿಂದ ಗುದ್ದಿ ಭದ್ರ ಮಾಡಿದಳು.

ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಫೋನು ಮಾಡಿದಳು. "ಗುಳುಗುಳು ಅಂತಿತ್ತಲ್ಲ, ನಿಂತೋಗದೆ ಕಣಮ್ಮಿ."

"ನಿಂತ್ರೆ ಒಳ್ಳೇದೇ ಬುಡವ್ವ, ಜೋರು ಇಳ್ದಿರ್ಬೇಕು" ಎಂದೆ. ನನ್ನ ಮುಂದೆ ಇನ್ನೂ ಅಳೆಯದ ಆರು ಮಾದರಿಗಳಿದ್ದವು. ಒಂದು ರಾತ್ರಿಯಲ್ಲಿ ಜೋರು ಇಳಿಯುವುದಿಲ್ಲ ಎಂದು ನನಗೆ ಗೊತ್ತಿರಬೇಕಿತ್ತು. ಮುಚ್ಚಳ ತೆಗೆದೆಯಾ ಎಂದು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಎಣಿಸಿದರೆ ಇದೇ ಎಲ್ಲಕ್ಕಿಂತ ದೊಡ್ಡ ತಪ್ಪು.

ಮನೆ ಮುಟ್ಟಿದಾಗ ನಾಲ್ಕು ಗಂಟೆ ದಾಟಿತ್ತು. ಮುಂದಿನದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ, ಏಕೆಂದರೆ ಆಮೇಲೆ ಮನೆಗೆ ಬಂದವರಿಗೆಲ್ಲ ಚಿಕ್ಕಪ್ಪ ಹೇಳಿದ ಕತೆಯಲ್ಲಿ ಡ್ರಮ್ಮು ಹಾರಿ ಜಂತೆಗೆ ಬಡಿಯುತ್ತದೆ. ಡ್ರಮ್ಮು ಹಾರಲಿಲ್ಲ. ನಾನು ಹೊಸಿಲಿನ ಮೇಲೆ ನಿಂತು ಚಪ್ಪಲಿ ಬಿಡುತ್ತಿದ್ದೆ. ಅವ್ವ ಡ್ರಮ್ಮಿನ ಮೇಲೆ ಬಗ್ಗಿದ್ದಳು. ಮುಚ್ಚಳ ಕರಿದ ಪೂರಿಯ ಹಾಗೆ ಉಬ್ಬಿತ್ತು, ಅದರ ಮೇಲೆ ರುಬ್ಬುವ ಗುಂಡುಕಲ್ಲು ಇತ್ತು. ಮುಚ್ಚಳ ಬಿಚ್ಚಿಕೊಳ್ಳುತ್ತಿದೆ ಎಂದು ಅವಳೇ ಇಟ್ಟದ್ದು. ಬಾಟಲಿಯ ನೀರು ಅಲ್ಲಾಡುತ್ತಿರಲಿಲ್ಲ. ನಾನು "ಅವ್ವ" ಎಂದದ್ದು ನೆನಪಿದೆ, ಅವಳು ನನ್ನ ಕಡೆ ತಿರುಗಿದ್ದು ನೆನಪಿದೆ. ಆ ತಿರುಗಿದ್ದೇ ಅವಳನ್ನು ಉಳಿಸಿತು. ಮುಚ್ಚಳದ ಒಂದು ಪಕ್ಕ ಎದ್ದಿತು, ಗುಂಡುಕಲ್ಲು ಜಾರಿ ಅವಳ ಪಾದಕ್ಕೆ ಒಂದು ಗೇಣು ಆಚೆ ಬಿದ್ದು ನೆಲದ ಕಡಪಾ ಕಲ್ಲನ್ನು ಸೀಳಿತು. ಅದೇ ಗಳಿಗೆಯಲ್ಲಿ ಮುಚ್ಚಳ ಎಗರಿ ಗೋಡೆಗೆ ಬಡಿಯಿತು. ಸದ್ದು ನಾನು ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ಕಂದು ನೊರೆ ಕಂಬದ ಹಾಗೆ ಎದ್ದು ಹೆಂಚು ಮುಟ್ಟಿ, ಅಲ್ಲಿಂದ ಅವ್ವನ ತಲೆಯ ಮೇಲೆ, ಹಾಸಿಗೆಯ ಮೇಲೆ, ರಾಗಿ ಮೂಟೆಗಳ ಮೇಲೆ ಸುರಿಯಿತು. ಶುಂಠಿಯ ನಾರು ಜಂತೆಯಿಂದ ಜೋತುಬಿದ್ದಿತ್ತು.

ಅವ್ವ ಎರಡೂ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. "ಉರಿ ಕಣಮ್ಮಿ" ಎಂದಳು, ಅಷ್ಟೇ. ನಾನು ಕೊಡದ ನೀರನ್ನು ಅವಳ ಮುಖದ ಮೇಲೆ ಸುರಿದೆ, ಮತ್ತೆ ಸುರಿದೆ. ಅರ್ಧ ನೀರು ಅವಳ ಎದೆಯ ಮೇಲೆ ಹೋಯಿತು. ಚಿಕ್ಕಪ್ಪ ಬೈಕಿನಲ್ಲಿ ದುದ್ದದ ಆಸ್ಪತ್ರೆಗೆ ಕರೆದೊಯ್ದರು. ಕಣ್ಣಿಗೆ ಏನೂ ಆಗಿಲ್ಲ, ಶುಂಠಿಯ ಉರಿ, ನಾಳೆಗೆ ಹೋಗುತ್ತದೆ ಎಂದರಂತೆ. ಅವರು ಬರುವವರೆಗೆ ನಾನು ಸೀಳಿದ ಕಡಪಾ ಕಲ್ಲಿನ ಪಕ್ಕ ಕೂತು, ಸೀಳಿನಿಂದ ಅವ್ವ ನಿಂತಿದ್ದ ಜಾಗಕ್ಕೆ ಎಷ್ಟು ದೂರ ಎಂದು ಗೇಣು ಹಾಕಿ ಹಾಕಿ ನೋಡುತ್ತಿದ್ದೆ. ಪ್ರತಿ ಸಲವೂ ಒಂದೇ ಗೇಣು.

ಗ್ಲೂಕೋಸು ಪೈಪನ್ನು ಎಳೆದು ನೋಡಿದೆ. ರಾಗಿ ಹೊಟ್ಟು, ಶುಂಠಿ ನಾರು ಸೇರಿ ಬಾಯಲ್ಲಿ ಬೆಣೆ ಹೊಡೆದಂತೆ ಕಟ್ಟಿಕೊಂಡಿತ್ತು. ಗುಳ್ಳೆ ನಿಂತದ್ದು ಅದಕ್ಕೆ.

ಅವ್ವ ವಾಪಸ್ಸು ಬಂದಾಗ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. "ಮಜ್ಜಿಗೇನೇ ಮಾಡನ. ಸಾಕು ಇದು" ಎಂದೆ.

ಕೆಂಪು ಕಣ್ಣು ಒರೆಸಿಕೊಳ್ಳುತ್ತ ಅವಳು ಡ್ರಮ್ಮಿನೊಳಗೆ ಇಣುಕಿದಳು. ಇದ್ದದ್ದರಲ್ಲಿ ಅರ್ಧವೂ ಉಳಿದಿರಲಿಲ್ಲ. "ಇದ್ಯಾಕ್ ಇಂಗಾಡ್ತು, ಅದನ್ನ ಏಳು ಮೊದ್ಲು."

ಹೇಳಿದೆ. ಈಸ್ಟು ಎಂದರೇನು, ಬೆಲ್ಲ ತಿಂದು ಗ್ಯಾಸು ಬಿಡುವುದು ಹೇಗೆ, ನೊರೆಗೆ ಜಾಗ ಯಾಕೆ. ಸೋಮವಾರವೇ ಹೇಳಬೇಕಾದದ್ದನ್ನು ಮಂಗಳವಾರ ಸಂಜೆ ಹೇಳಿದೆ.

"ಅಂಗಾದ್ರೆ ಆ ಕಾಲಿ ಜಾಗ ಕಮ್ಮಿ ಬಿದ್ದಿದ್ದಲ್ಲ."

"ಅಲ್ಲ. ಬೇಕು ಅಂತ್ಲೇ ಬಿಟ್ಟಿದ್ದು."

"ಮೊದ್ಲೇ ಒದ್ರುದ್ರೆ ಏನಾಗಿತ್ತು ನಿಂಗೆ. ಓದ್ದೋಳು ಓದ್ದೋಳು ಅಂತ ಬಾಯಿಗೆ ಬೀಗ ಆಕಂಡಿದ್ಯಾ." ಗೋಡೆಯ ಬುಡದಲ್ಲಿ ಬಿದ್ದಿದ್ದ ಮುಚ್ಚಳವನ್ನು ಎತ್ತಿಟ್ಟು ಮತ್ತೆ ಹೇಳಿದಳು: "ರಾಗಿ ಅಸಿಟ್ಟು ಇನ್ನೂ ನಾಕು ಸೇರು ಐತೆ. ಕಮ್ಮಿ ಬೀಳ್ಬಾರ್ದು ಅಂತ ಎರಡರಷ್ಟು ಮೊಳಕೆ ಕಟ್ಟಿದ್ದೆ. ನಾಳೆ ಇಕ್ಕನ. ಮಜ್ಗೆ ಮಾಡುದ್ರೆ ಆ ಬೀಗ್ತಿ ಮತ್ತೆ ನೀರಿನ ಮಾತೇ ಎತ್ತೋದು."

ಕಣ್ಣು ಇನ್ನೂ ಉರಿಯುತ್ತಿದ್ದ ಸಂಜೆಯಲ್ಲೂ ಅವಳಿಗೆ ಇದ್ದ ಚಿಂತೆ ಅದು. ನಾನು ಹೆದರಿದ್ದೆ, ಅವಳು ಹೆದರಿರಲಿಲ್ಲ. ಅಥವಾ ಹೆದರಿಕೆಗಿಂತ ದೊಡ್ಡದು ಅವಳಲ್ಲಿತ್ತು.

ಬುಧವಾರ ರಜೆ ಹಾಕಿದೆ. ಈ ಸಲ ಏನು ಮಾಡುವುದಿದ್ದರೂ ಅವಳಿಗೆ ಹೇಳಿ ಮಾಡಿದೆ. ಚಿಕ್ಕಪ್ಪನ ಮನೆಯಿಂದ ಇನ್ನೊಂದು ಡ್ರಮ್ಮು ತಂದೆವು. ಎರಡಕ್ಕೂ ಮೂವತ್ತಮೂರು ಲೀಟರಿನ ಗುರುತಿಗೆ ಹೊರಗಿನಿಂದ ಸುಣ್ಣದ ಗೆರೆ ಎಳೆದೆ. ಹೊಟ್ಟು ಉಳಿಯದಂತೆ ಗಂಜಿಯನ್ನು ಪಂಚೆಯಲ್ಲಿ ಎರಡು ಸಲ ಸೋಸಿದೆವು, ಶುಂಠಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಬಿಟ್ಟೆವು. ಈಸ್ಟು ಮೊದಲಿನ ಅರ್ಧ. ಬೆಲ್ಲ ಒಂದೇ ಸಲಕ್ಕೆ ಹಾಕದೆ ಮೂರು ಪಾಲು ಮಾಡಿದೆವು. ಮೊದಲ ಪಾಲು ಅಂದೇ, ಇನ್ನೆರಡು ಗುರುವಾರ, ಶುಕ್ರವಾರ. ಡ್ರಮ್ಮುಗಳನ್ನು ನಡುಮನೆಯ ಸೆಕೆಯಿಂದ ಹೊರಗೆ ತಂದು, ಗಾಳಿಯಾಡುವ ಜಗಲಿಯ ನೆರಳಿನಲ್ಲಿಟ್ಟು ಸುತ್ತ ಒದ್ದೆ ಗೋಣಿತಾಟು ಸುತ್ತಿದೆವು. ಬಿಸಿ ಏರಿದಷ್ಟೂ ಈಸ್ಟು ಹುಚ್ಚಾಗುತ್ತದೆ ಎಂದೆ. "ಅಂದ್ರೆ ನಿಮ್ ಚಿಕ್ಕಪ್ಪನಂಗೆ" ಎಂದಳು.

ಪೈಪಿಗೆ ಏನು ಮಾಡುವುದು ಎಂದು ಯೋಚಿಸುತ್ತಿದ್ದಾಗ ಚಿಕ್ಕಪ್ಪ ತೋಟದಿಂದ ಡ್ರಿಪ್ ಪೈಪಿನ ಎರಡು ತುಂಡು ತಂದರು. ಕಬ್ಬಿಗೆ ಹಾಸುವ ಕರಿ ಪೈಪು, ಹೆಬ್ಬೆರಳು ಗಾತ್ರ. "ಇದ್ರಾಗೆ ಕಪ್ಪೆಮರಿ ಬೇಕಾರೂ ಓಯ್ತದೆ, ನಿನ್ ನೊರೆ ಓಗಲ್ವಾ" ಎಂದರು. ಡ್ರಿಪ್ಪಿಗೆ ಹಾಕುವ ರಬ್ಬರು ವಾಷರು ಮುಚ್ಚಳದ ತೂತಿಗೆ ಅಳತೆ ಮಾಡಿದ ಹಾಗೆ ಕೂತಿತು. ಎರಡೂ ಪೈಪುಗಳ ಇನ್ನೊಂದು ತುದಿ ಜಗಲಿಯ ಕೆಳಗೆ ಒಂದೊಂದು ನೀರಿನ ಬಕೆಟ್ಟಿಗೆ. ನೊರೆ ಎದ್ದರೂ ಪೈಪಿನಲ್ಲಿ ಇಳಿದು ಬಕೆಟ್ಟು ಸೇರಬೇಕು, ಮುಚ್ಚಳದ ಮೇಲೆ ಭಾರ ಬೀಳಬಾರದು.

ಕೊನೆಗೆ ಮುಚ್ಚುವ ಮುಂಚೆ ಅವ್ವ ತೋರುಬೆರಳನ್ನು ಕಡಲೆಕಾಯಿ ಎಣ್ಣೆಯಲ್ಲಿ ಅದ್ದಿ, ಡ್ರಮ್ಮಿನ ಒಳಗಡೆ ಕಂಠದ ಸುತ್ತ ಒಂದು ಉಂಗುರ ಎಳೆದಳು.

"ಏನವ್ವ ಇದು?"

"ಆಲು ಕಾಯಿಸ್ವಾಗ ಪಾತ್ರೆ ಬಾಯಿಗೆ ಸವರಲ್ವಾ. ನೊರೆ ಅಲ್ಗಂಟ ಬಂದು ನಾಚ್ಕತದೆ."

ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿ ನೊರೆ ಮುರಿಯುವ ದ್ರಾವಣದ ಒಂದು ಬಾಟಲಿ ಇದೆ. ಹದಿನೈದು ವರ್ಷದಿಂದ ಅದನ್ನು ಹನಿ ಎಣಿಸಿ ಬಳಸುತ್ತಿದ್ದೇನೆ. ಅವ್ವನ ಬೆರಳಲ್ಲಿ ಅದೇ ಕೆಲಸ ಇದೆ ಎಂದು ನನಗೆ ಹೊಳೆದದ್ದು ಅಂದೇ. ಹೆಮ್ಮೆ ಎನ್ನುವುದು ಅಲ್ಲಿಂದಲೇ ಶುರುವಾಯಿತು ಎನ್ನಬೇಕು.

ಗುರುವಾರ ಕೆಲಸಕ್ಕೆ ಹೋಗಲೇಬೇಕಿತ್ತು. ಹೊರಡುವಾಗ ಅವಳಿಗೆ ಎರಡೇ ಮಾತು ಹೇಳಿದೆ: ಮುಚ್ಚಳ ಉಬ್ಬಿದೆಯಾ ಎಂದು ದೂರದಿಂದ ನೋಡು, ಗುಳ್ಳೆ ಎಣಿಸು. ಹನ್ನೊಂದಕ್ಕೆ ಚಹಾ ಬಿಡುವಿನಲ್ಲಿ ಕಾರ್ಖಾನೆಯ ಗೇಟಿನ ಹೊರಗೆ, ಹೆದ್ದಾರಿಯ ಲಾರಿಗಳ ಸದ್ದಿನಲ್ಲಿ ಒಂದು ಕಿವಿ ಮುಚ್ಚಿಕೊಂಡು ಫೋನು ಮಾಡಿದೆ. ಅವಳು ಫೋನನ್ನು ಬಕೆಟ್ಟಿನ ಹತ್ತಿರ ಹಿಡಿದು ಎಣಿಸಿದಳು.

"ಲಾಭ, ಎರಡು, ಮೂರು, ನಾಕು..." ಹಿಂದೆಯೇ ಗುಳಕ್ ಗುಳಕ್ ಎನ್ನುವುದು ನನಗೂ ಕೇಳುತ್ತಿತ್ತು. ನನ್ನ ಗಡಿಯಾರದಲ್ಲಿ ಒಂದು ನಿಮಿಷ ಮುಗಿದಾಗ ಅವಳು ಐವತ್ತೆಂಟಕ್ಕೆ ಬಂದಿದ್ದಳು.

"ಮುಚ್ಚಳ?"

"ಅಪ್ಪಟ ಚಪ್ಪಟೆ. ಒಂದ್ ಡ್ರಮ್ಮಿಂದ ನೊರೆ ಬತ್ತಾ ಅದೆ ಪೈಪ್ನಾಗೆ. ಬಕೀಟು ಅರ್ಧ ಆಗದೆ. ನೆಲದ್ ಮ್ಯಾಗೆ ಒಂದ್ ತೊಟ್ಟೂ ಇಲ್ಲ ಕಣಮ್ಮಿ, ಬೇಕಾರೆ ಬಂದು ಮುಟ್ಟಿ ನೋಡು."

ಬೆಲ್ಲದ ಎರಡನೇ ಪಾಲನ್ನು ಅವಳು ಹಾಕಿದ ರೀತಿ ನಾನು ಹೇಳಿಕೊಟ್ಟದ್ದಲ್ಲ. ಕರಗಿಸಿ ಪೂರ್ತಿ ಆರಿಸಿ, ಒಂದು ಲೋಟ ಹುಯ್ದು ನೂರು ಎಣಿಸಿ, ನೊರೆ ಎದ್ದು ಇಳಿಯುವುದನ್ನು ನೋಡಿ, ಆಮೇಲೆ ಇನ್ನೊಂದು ಲೋಟ. ಡ್ರಮ್ಮಿಗೆ ಆರು ಲೋಟ. ಎಲ್ಲ ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತಂತೆ. ಆತುರದಲ್ಲಿ ಒಮ್ಮೆಗೇ ಸುರಿದಿದ್ದರೆ ಎರಡೂ ಉಕ್ಕುತ್ತಿದ್ದವು. ಆ ಎಚ್ಚರವನ್ನು ನಾನು ಹೇಳಲು ಮರೆತಿದ್ದೆ ಎಂಬುದು ಸಂಜೆ ಅವಳು ಹೇಳಿದಾಗ ಗೊತ್ತಾಯಿತು.

ಶುಕ್ರವಾರ ಮಧ್ಯಾಹ್ನ ಅವಳೇ ಫೋನು ಮಾಡಿದಳು. ದನಿ ಬೇರೆ ಥರ ಇತ್ತು.

"ಒಂದು ಡ್ರಮ್ಮಿಂದು ನಿಂತೋಗದೆ. ಬೆಳಿಗ್ಗೆ ನಲವತ್ತಿತ್ತು. ಈಗ ಹೊಸ್ಲಲ್ಲಿ ನಿಂತ್ರೆ ಒಂದೂ ಕೇಳಾಕಿಲ್ಲ."

ನನ್ನ ಕೈಯಲ್ಲಿದ್ದ ಗಾಜಿನ ಕೊಳವೆಯನ್ನು ಸ್ಟ್ಯಾಂಡಿನಲ್ಲಿ ಇಟ್ಟೆ. ಮಂಗಳವಾರದ ಮಾತು ಅದು, ಅದೇ ಹೊತ್ತಿನಲ್ಲಿ. ಬಸ್ಸು ಸಿಕ್ಕರೂ ಒಂದೂವರೆ ಗಂಟೆಯ ದಾರಿ. "ಅವ್ವ, ಈಚೆ ಬಾ. ಹತ್ರ ಹೋಗ್ಬೇಡ. ಚಿಕ್ಕಪ್ಪನ್ನ ಕರಿ" ಎಂದೆ.

"ಅವ್ನು ಸಾಮಾನು ತರಕ್ಕೆ ಮಂಡ್ಯಕ್ಕೋದ. ಮುಚ್ಚಳ ಉಬ್ಬಿಲ್ಲ ಕಣಮ್ಮಿ."

"ಉಬ್ಬದೇ ಇದ್ರೂ ಬೇಡ."

"ಉಬ್ಬಿಲ್ದೆ ಗ್ಯಾಸು ಎಲ್ಲಿಗೋಯ್ತು ಮತ್ತೆ? ಒಳ್ಗಿದ್ರೆ ಉಬ್ಬಬೇಕು. ಈಚೆ ಬಂದ್ರೆ ಗುಳಕ್ ಅನ್ಬೇಕು. ಎರಡೂ ಇಲ್ಲ." ಅವಳು ನನ್ನನ್ನು ಕೇಳುತ್ತಿರಲಿಲ್ಲ, ತಾನೇ ಯೋಚಿಸುತ್ತಿದ್ದಳು. "ತಡಿ."

ಫೋನು ಜಗಲಿಯ ಮೇಲೆ ಇಟ್ಟ ಸದ್ದಾಯಿತು. ನಾನು ಬೇಡ ಬೇಡ ಎನ್ನುತ್ತಿದ್ದೆ, ಕೇಳಿಸಿಕೊಳ್ಳುವವರು ಇರಲಿಲ್ಲ. ಅಲ್ಲಿ ಏನಾಗುತ್ತಿದೆ ಎಂದು ಕಾಣದೆ ನಿಂತ ಆ ಹೊತ್ತು ಮಂಗಳವಾರದ ಹೊಸಿಲಿಗಿಂತ ಕಷ್ಟವಾಗಿತ್ತು. ಒದ್ದೆ ಕೆನ್ನೆಯನ್ನು ಪೈಪಿನ ಬಾಯಿಗೆ ಹಿಡಿದು ನೋಡಿದೆ ಎಂದು ಆಮೇಲೆ ಹೇಳಿದಳು. ಗಾಳಿ ತಣ್ಣಗೆ ತಾಕುತ್ತಿತ್ತಂತೆ. ಆಮೇಲೆ ಯಾರಿಗೋ ಬೈಯುತ್ತಿರುವುದು ಕೇಳಿಸಿತು. ಫೋನಿಗೆ ವಾಪಸ್ಸು ಬಂದಳು.

"ಪೈಪು ಸರಿಯಾಗದೆ. ಬಕೀಟಲ್ಲಿ ನೀರೇ ಇಲ್ಲ."

"ಎಲ್ಲಿ ಹೋಯ್ತು?"

"ಟಗರು ಕುಡ್ಕಂಡದೆ. ಭಾನುವಾರಕ್ಕೆ ತಂದು ಕಟ್ಟಿದ್ವಲ್ಲ, ಅಗ್ಗ ಬಿಚ್ಕಂಡು ಬಂದು ಬಕೀಟು ಪೂರ್ತಿ ನೊರೆ ಕುಡ್ದು ಈಗ ಜಗಲಿಗೆ ತಲೆ ಕೊಟ್ಕಂಡು ನಿಂತದೆ."

ನಗಬೇಕೋ ಅಳಬೇಕೋ ತಿಳಿಯದೆ ಪ್ರಯೋಗಾಲಯದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅವಳು ಬಕೆಟ್ಟಿಗೆ ನೀರು ತುಂಬಿ ಪೈಪು ಮುಳುಗಿಸಿ ಫೋನು ಹತ್ತಿರ ಹಿಡಿದಳು. "ಲಾಭ" ಎಂದು ಶುರು ಮಾಡಿದಳು. ಇಪ್ಪತ್ತಾರು ಬಂತು. ಜೋರು ನಿಜವಾಗಿ ಇಳಿಯತೊಡಗಿತ್ತು. ಮೂವರು ವಿಜ್ಞಾನದ ಪದವೀಧರರು ಕೂಡಿ ಕಾರಣ ಹುಡುಕುವಾಗಲೂ ಅವಳಷ್ಟು ನೇರವಾಗಿ ಯೋಚಿಸಿದ್ದನ್ನು ನಾನು ಆ ಕೋಣೆಯಲ್ಲಿ ಕಂಡಿಲ್ಲ.

ಭಾನುವಾರ ಮಳವಳ್ಳಿಯಿಂದ ಎರಡು ಬಸ್ಸು ಬಂದವು. ಮುದ್ದೆ, ಬಾಡಿನ ಸಾರು, ಬೋಟಿ ಗೊಜ್ಜು, ಅನ್ನ. ಎಲೆಯ ಪಕ್ಕ ಸ್ಟೀಲು ಲೋಟ. ಬೆಳಿಗ್ಗೆಯೇ ಬಾವಿಯ ನೀರಿನ ತೊಟ್ಟಿಯಲ್ಲಿ ತಣ್ಣಗೆ ಮಾಡಿದ್ದ ಎರಡೂ ಡ್ರಮ್ಮುಗಳನ್ನು ಚಪ್ಪರದ ಕಂಬದ ಹತ್ತಿರ ಇಟ್ಟಿದ್ದೆವು. ಹಿತ್ತಲಲ್ಲಿ ಇಡೋಣ ಎಂದು ನಾನು ಹೇಳಿದ್ದೆ, ಸುಣ್ಣದ ಗೆರೆಯಿಂದ ಮೇಲೆ ಖಾಲಿ ಇರುವುದು ಬಂದವರ ಕಣ್ಣಿಗೆ ಬೀಳುತ್ತದೆ ಎಂದು. ಅವ್ವ ಒಪ್ಪಲಿಲ್ಲ.

ಮೊದಲ ಪಂಕ್ತಿಗೆ ಕರೆದಾಗ ಬೀಗಿತ್ತಿ ಕೈ ಆಡಿಸಿದರು. "ನಾನು ಕಡೇ ಪಂಕ್ತಿಗೆ ಕುಂತ್ಕತೀನಿ ಬುಡಿ" ಎಂದರು. ಯಾಕೆಂದು ಎಲ್ಲರಿಗೂ ಗೊತ್ತಿತ್ತು. ಬೀಗರ ಬಳಗದಲ್ಲಿ ಇಬ್ಬರು ಒಬ್ಬರನ್ನೊಬ್ಬರು ನೋಡಿಕೊಂಡರು. ತಂಗಿ ಹೊಸ ಸೀರೆಯಲ್ಲಿ ಬಾಗಿಲ ಬಳಿ ನಿಂತು ನನ್ನನ್ನೇ ನೋಡುತ್ತಿದ್ದಳು.

ಪಂಕ್ತಿ ಪಂಕ್ತಿಗೂ ಅವ್ವನೇ ಜಗ್ಗು ಹಿಡಿದು ಬಡಿಸಿದಳು. ಮೊದಲ ಗುಟುಕಿಗೆ ಹುಬ್ಬೇರಿಸಿ, ಎರಡನೆಯದಕ್ಕೆ ತೇಗಿ, ಮೂರನೆಯದಕ್ಕೆ ಲೋಟ ಮುಂದೆ ಚಾಚುವುದು ಸಾಲಿನುದ್ದಕ್ಕೂ ನಡೆಯಿತು. ಬೀಗರ ಕಡೆಯ ಒಬ್ಬ ಯಜಮಾನರು ಚಿಕ್ಕಪ್ಪನನ್ನು ಕರೆದು, "ಬಿಯರು ಅಂದ್ರಲ್ಲ, ಮೂರು ಲೋಟ ಆಯ್ತು, ಇನ್ನೂ ನಿಮ್ ಮುಖ ಒಂದೇ ಕಾಣ್ತದೆ" ಎಂದರು. ಎಲೆಯಡಿಕೆ ಹಾಕಿಕೊಳ್ಳದ ಮುದುಕಿಯರೂ ಕುಡಿದರು. ಒಂದು ಡ್ರಮ್ಮು ಮುಗಿಯಿತು, ಎರಡನೆಯದಕ್ಕೆ ಕೈ ಹಾಕಿದೆವು. ನಾನು ಪ್ರತಿ ಪಂಕ್ತಿ ಎದ್ದಾಗಲೂ ಹೋಗಿ ಅಳೆದು ಬರುತ್ತಿದ್ದೆ. ಕೊನೆಯ ಪಂಕ್ತಿ ಕೂರುವಾಗ ಹನ್ನೊಂದು ಲೀಟರು ಇತ್ತು. ಸಾಲುತ್ತಿತ್ತು. ಆದರೂ ಇನ್ನೊಮ್ಮೆ ಅಳೆದೆ.

ಬೀಗಿತ್ತಿ ಕೂರುವ ಮುಂಚೆ ಕಂಬದ ಹತ್ತಿರ ನಿಂತು ಡ್ರಮ್ಮಿನ ಸುಣ್ಣದ ಗೆರೆಯನ್ನು ನೋಡಿದರು. "ಏನ್ ಬೀಗ್ತಿ, ತುಂಬ್ಸಿರೋದೇ ಇಲ್ಗಂಟವಾ? ಮಿಕ್ಕಿದ್ದು?"

ಒಂದು ವಾರದ ಹಿಂದೆ ಈ ಮಾತಿಗೆ ಅವ್ವ ಕುಗ್ಗಿಹೋಗುತ್ತಿದ್ದಳು. ಈಗ ಜಗ್ಗನ್ನು ಸೊಂಟಕ್ಕೆ ಆನಿಸಿಕೊಂಡು ಹೇಳಿದಳು:

"ಮಿಕ್ಕಿದ್ದು ಅದು ಉಸ್ರಾಡಾಕೆ ಬುಟ್ಟಿದ್ದು ಕಣವ್ವ. ಮೊದ್ಲು ನಾನೂ ನಿಮ್ಮಂಗೇ ಕಂಠಮಟ್ಟ ತುಂಬ್ಸಿದ್ದೆ. ಬನ್ನಿ ಒಳಿಕ್ಕೆ, ಹೆಂಚು ತೋರುಸ್ತೀನಿ. ಇನ್ನೂ ಶುಂಠಿ ಅಂಟ್ಕಂಡದೆ."

ಜನ ನಕ್ಕರು. ಬೀಗಿತ್ತಿ ನಗಲಿಲ್ಲ, ಹೆಂಚು ನೋಡಲು ನಿಜವಾಗಿ ಒಳಗೆ ಹೋದರು. ಸೀಳಿದ ಕಡಪಾ ಕಲ್ಲಿನ ಮುಂದೆ ಇಬ್ಬರೂ ನಿಂತರು. ಅವ್ವ ತಾನು ಎಲ್ಲಿ ನಿಂತಿದ್ದೆ, ಕಲ್ಲು ಎಲ್ಲಿ ಬಿತ್ತು ಎಂದು ಕಾಲಿಟ್ಟು ತೋರಿಸಿದಳು. ಹೊರಗೆ ಬಂದಾಗ ಬೀಗಿತ್ತಿಯ ಮುಖ ಬದಲಾಗಿತ್ತು. ಎಲೆಯ ಮುಂದೆ ಕೂತು ಲೋಟ ಎತ್ತಿದರು, ಅರ್ಧ ಕುಡಿದು ನಿಲ್ಲಿಸಿದರು, ಮಿಕ್ಕಿದ್ದನ್ನೂ ಕುಡಿದರು. ಲೋಟ ಚಾಚಿದರು. ಅವ್ವ ಹುಯ್ದಳು. ಮತ್ತೆ ಚಾಚಿದರು. ಮತ್ತೆ ಹುಯ್ದಳು. ಆ ಸಾಲಿನ ಕೊನೆಯ ಎಲೆಯವರೆಗೂ ಜಗ್ಗು ಹೋಯಿತು, ವಾಪಸ್ಸೂ ಬಂತು.

"ನೊರೆ ಏಳ್ದಂಗೆ ಎಂಗ್ ಮಾಡುದ್ರಿ?" ಎಂದು ಕೈ ತೊಳೆಯುವಾಗ ಬೀಗಿತ್ತಿ ಕೇಳಿದರು.

"ಏಳ್ದಂಗೆ ಮಾಡಕ್ಕಾಗಲ್ಲ. ಎದ್ದದ್ದು ಓಗಾಕೆ ದಾರಿ ಮಾಡ್ಬೇಕು" ಎಂದ ಅವ್ವ, ಅವರನ್ನು ಜಗಲಿಯ ಮೇಲೆ ಕೂರಿಸಿಕೊಂಡು ಎಣ್ಣೆಯ ಉಂಗುರದಿಂದ ಹಿಡಿದು ಬೆಲ್ಲದ ಮೂರು ಪಾಲಿನವರೆಗೆ ಒಂದೂ ಬಿಡದೆ ಹೇಳಿದಳು. ನಾನು ನಡುವೆ ತಿದ್ದಲು ಏನೂ ಇರಲಿಲ್ಲ. ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ. ನಾನು ಪ್ರಯೋಗಾಲಯದಲ್ಲಿ ಬರೆಯುವ ಯಾವ ವರದಿಯೂ ಅಷ್ಟು ಸರಿಯಾಗಿರುವುದಿಲ್ಲ.

ಹೊರಡುವಾಗ ಬೀಗಿತ್ತಿ ಮನೆಗೆ ಒಂದು ಬಾಟಲಿ ಕೇಳಿದರು. ಅವ್ವ ಎರಡು ಲೀಟರಿನ ಬಾಟಲಿಯ ಮುಕ್ಕಾಲು ತುಂಬಿಸಿ ಕೊಟ್ಟಳು. ಮುಚ್ಚಳವನ್ನು ಒಂದೇ ಸುತ್ತು ತಿರುಗಿಸಿ, "ಬಿಗಿ ಮಾಡ್ಬ್ಯಾಡಿ. ಬಸ್ನಾಗೆ ಮಲಗುಸ್ಬ್ಯಾಡಿ" ಎಂದಳು.

ಸಂಜೆ ತಂಗಿ ಮಳವಳ್ಳಿಯಿಂದ ಫೋನು ಮಾಡಿದಳು. "ಅಕ್ಕ, ಅತ್ತೆ ದಾರಿಯುದ್ದಕ್ಕೂ ಬಾಟ್ಲುನ ಮಡಿಲಲ್ಲಿ ನೆಟ್ಟಗೆ ಇಟ್ಕಂಡು ಕೂತಿದ್ರು ಕಣೆ. ಒಂದೊಂದು ಹಂಪು ಬಂದಾಗ್ಲೂ ಮುಚ್ಚಳ ಸಡಿಲ ಮಾಡಿ ನೋಡೋರು. ಯಾರ್ ಕೈಗೂ ಕೊಡ್ಲಿಲ್ಲ. ಇಳ್ದ ಮೇಲೆ ನಮ್ ಮನೇಲಿ ಎಲ್ರಿಗೂ ಒಂದೊಂದು ಗುಟುಕು ಕೊಟ್ಟು, ಇದು ನಮ್ ಬೀಗ್ತಿ ಮಾಡಿದ್ದು ಅಂದ್ರು."

ಅವ್ವನಿಗೆ ಹೇಳಿದೆ. ಅವಳು ಖಾಲಿ ಡ್ರಮ್ಮನ್ನು ತೊಳೆಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಒಂದ್ ತೊಟ್ಟಾದ್ರೂ ಚೆಲ್ತಂತಾ, ಕೇಳ್ದಾ?" ಎಂದಳು.

"ಚೆಲ್ಲಿಲ್ವಂತೆ" ಎಂದೆ.